ಗುರುತಿಲ್ಲದ ಗಾಡಿ

ಮಂಚಯ್ಯನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳೇಕೆ ಹೇಳಬೇಕು? ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಅವನ ವೆಲ್ಡಿಂಗ್ ಶೆಡ್ಡಿಗೆ ಬರುವ ರೈತರು ಬೈಸಿಕೊಂಡೂ ಅವನ ಹತ್ತಿರವೇ ಎತ್ತಿನ ಗಾಡಿ ಮಾಡಿಸುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿದ ಒಂದು ಗಾಡಿಯೂ ರಿಪೇರಿಗೆಂದು ವಾಪಸ್ ಬಂದಿರಲಿಲ್ಲ. ಗಾಡಿ ಮುಗಿದೊಡನೆ ಉಳಿಯಿಟ್ಟು, ಸುತ್ತಿಗೆಯಲ್ಲಿ ಕುಟ್ಟಿ ‘ಮಂ’ ಎಂದು ಗುರುತು ಹಾಕುತ್ತಿದ್ದ. ಆ ಗುರುತು ಬೀಳದೆ ಗಾಡಿ ಶೆಡ್ಡಿನ ಹೊಸ್ತಿಲು ದಾಟುವಂತಿರಲಿಲ್ಲ.

ಅಂಥವನ ಹತ್ತಿರ ಎರಡು ಸಾವಿರದ ಆರರಲ್ಲಿ ತಂಗಿಯ ಮಗಳು ಶಾಂತಲಾ ಒಂದು ನಕ್ಷೆ ಹಿಡಿದುಕೊಂಡು ಬಂದಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿ. ಕಾಲೇಜುಗಳ ನಡುವೆ ರೋಬೋಟ್ ಸ್ಪರ್ಧೆಯಂತೆ. ತಂಡದ ರೋಬೋಟಿನ ಚೌಕಟ್ಟು, ಚಕ್ರ, ಚೈನು ಇವಳ ಪಾಲಿಗೆ ಬಿದ್ದಿತ್ತು.

“ನಾಕು ಚಕ್ರ ತಾನೇ? ಎಡಗೈಲಿ ಮಾಡ್ತೀನಿ ಬುಡವ್ವ,” ಎಂದ ಮಂಚಯ್ಯ.

ಆ ಮಾತೇ ಅವನಿಗೆ ಉರುಳಾಯಿತು. ಮೊದಲ ಸಲ ಕಬ್ಬಿಣದ ಆಂಗಲ್ ಪಟ್ಟಿಯಲ್ಲಿ ಮಾಡಿಕೊಟ್ಟ. ಆನೆ ತುಳಿದರೂ ಬಗ್ಗದಂಥ ಮಾಲು. ತೂಕ ಹನ್ನೆರಡು ಕೆಜಿ ದಾಟಬಾರದು ಎಂದು ನಕ್ಷೆಯಲ್ಲೇ ಬರೆದಿತ್ತು, ಇದು ಹತ್ತೊಂಬತ್ತು ತೂಗಿತು. ವಾಪಸ್ ಬಂತು. ಎರಡನೇ ಸಲ ಅಲ್ಯೂಮಿನಿಯಂ ಆಂಗಲ್ಲು ತಂದು, ವೆಲ್ಡಿಂಗ್ ಹಿಡಿಯದ ಆ ದರಿದ್ರ ಲೋಹಕ್ಕೆ ಶಾಪ ಹಾಕುತ್ತಾ ನಟ್ಟು ಬೋಲ್ಟಿನಲ್ಲಿ ಜೋಡಿಸಿದ. ಅದೂ ಗುರುವಾರ ಬೆಳಿಗ್ಗೆ ವಾಪಸ್ ಬಂತು.

“ಮಾವ, ಚಕ್ರ ಅಲ್ಲಾಡ್ತದೆ. ನಾಕು ಅಡಿ ಓಡುದ್ರೆ ಚೈನ್ ಕಳಚ್ಕತದೆ.”

“ಅಲ್ಲಾಡ್ಲೇಬೇಕು ಕಣವ್ವ! ಅಚ್ಚಲ್ಲಿ ಒಂಚೂರು ಆಟ ಇಲ್ದಿದ್ರೆ ಅದು ಗಾಡಿನಾ? ಗಾಡಿ ಬತ್ತಾ ಅದೆ ಅಂತ ಅರ್ಧ ಮೈಲಿ ದೂರಕ್ಕೇ ಕೇಳ್ಬೇಕು.”

ಅವನ ಮಟ್ಟಿಗೆ ಅದು ನಿಜ. ಚಕ್ರ ಗಟ್ ಗಟ್ ಅನ್ನದ ಗಾಡಿಯನ್ನು ಆ ಕಡೆ ಯಾವ ರೈತನೂ ಮೂಸಿ ನೋಡುವುದಿಲ್ಲ. ಆದರೆ ಶಾಂತಲಾಳ ಕಣ್ಣಲ್ಲಿ ನೀರು ತುಂಬಿತ್ತು.

“ನಾಳೆ ಬೆಳಿಗ್ಗೆ ಕಾಲೇಜಲ್ಲಿ ಪರೀಕ್ಷೆ ಮಾವ. ಹತ್ತು ಅಡಿ ಗೆರೆ ಮೇಲೆ ನೆಟ್ಟಗೆ ಓಗ್ಬೇಕು. ಓಗ್ನಿಲ್ಲ ಅಂದ್ರೆ ನಮ್ಮನ್ನ ಬುಟ್ಟು ಬೇರೆ ತಂಡನ ಕಳುಸ್ತಾರೆ. ನಾಕು ಗಂಟೆ ಬಸ್ಸಿಗೆ ನಾನು ಓಗ್ಲೇಬೇಕು.”

ಮಂಚಯ್ಯನಿಗೆ ತಲೆ ಕೆಟ್ಟು ಕೆರ ಹಿಡಿಯಿತು. ನೇಗಿಲು ತಂದವರನ್ನೆಲ್ಲ ನಾಳೆ ಬನ್ನಿ ಎಂದು ಗದರಿಸಿ ಕಳಿಸಿದ. ಅಚ್ಚಿಗೆ ವಾಷರ್ ಮೇಲೆ ವಾಷರ್ ತುಂಬಿದ, ಬಿಚ್ಚಿದ, ಉಜ್ಜಿದ, ಮತ್ತೆ ತುಂಬಿದ. ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ಶಾಂತಲಾ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಾಡಿಗೆ ಕೂರಿಸಿದ್ದ ಕಾರಿನ ವೈಪರ್ ಮೋಟಾರಿಗೆ ಬ್ಯಾಟರಿ ಕೊಟ್ಟಳು. ಗಾಡಿ ಸದ್ದಿಲ್ಲದೆ, ದಾರ ಹಿಡಿದಂತೆ, ಗೆರೆಯ ಆ ತುದಿಗೆ ಹೋಗಿ ನಿಂತಿತು.

“ಅಯ್ಯೋ ಮಾವ!” ಎಂದು ಅವಳು ಕುಣಿದಾಡಿಬಿಟ್ಟಳು.

ಮಂಚಯ್ಯನ ಎದೆ ಉಬ್ಬಿತು. ಅವಳು ಬ್ಯಾಟರಿ ಬಿಚ್ಚಿಡಲು ಆ ಕಡೆ ತಿರುಗಿದ್ದೇ ತಡ, ಅಭ್ಯಾಸಬಲ ನೋಡಿ, ಉಳಿ ಎತ್ತಿಕೊಂಡು ಅಚ್ಚಿನ ಪಕ್ಕದಲ್ಲೇ ಇಟ್ಟು ಸುತ್ತಿಗೆಯಲ್ಲಿ ಬಾರಿಸಿದ. ‘ಮಂ’ ಚೆನ್ನಾಗಿಯೇ ಮೂಡಿತು. ಆ ತೆಳು ಆಂಗಲ್ಲು ಕೂಡ ಚೆನ್ನಾಗಿಯೇ ಒಳಕ್ಕೆ ಬಗ್ಗಿತು.

ಇನ್ನೊಮ್ಮೆ ಓಡಿಸಿ ನೋಡಿದರೆ ಗಾಡಿ ಸೀದಾ ಎಡಕ್ಕೆ ತಿರುಗಿ ಕಬ್ಬಿಣದ ರಾಶಿಗೆ ಗುದ್ದಿತು. ಶಾಂತಲಾ ಅದನ್ನು ಎತ್ತಿ ತಂದು ಅವನ ಮುಂದಿಟ್ಟು, ಬಗ್ಗಿದ ಜಾಗಕ್ಕೆ ಬೆರಳು ತೋರಿಸಿದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಮಾಡಿದ್ದುಣ್ಣೋ ಮಹಾರಾಯ,” ಎಂದು ತನ್ನನ್ನೇ ಬೈದುಕೊಂಡು ಮಂಚಯ್ಯ ಬೋಲ್ಟು ಬಿಚ್ಚಿದ. ಬಗ್ಗಿದ ತುಂಡನ್ನು ಎತ್ತಿ ಮೂಲೆಗೆ ಬಿಸಾಕಿದ. ಹೊಸ ತುಂಡು ಕತ್ತರಿಸಿ, ತೂತು ಕೊರೆದು ಬಿಗಿದ. ಸರ್ಕಲ್ಲಿನಲ್ಲಿ ಬಸ್ಸು ಹಾರನ್ ಹೊಡೆಯುವ ಹೊತ್ತಿಗೆ ಗಾಡಿ ಮತ್ತೆ ಗೆರೆಯ ಮೇಲೆ ನೆಟ್ಟಗೆ ಓಡಿತು.

ಶಾಂತಲಾ ತಾನೇ ಉಳಿ ಎತ್ತಿ ಅವನ ಮುಂದೆ ಹಿಡಿದಳು. “ಗುರುತು, ಮಾವ? ಮೆತ್ತಗೆ ಒಡೀರಿ.”

“ನಂಗೆ ಮೆತ್ತಗೆ ಒಡಿಯೋಕೆ ಬರಾಕಿಲ್ಲ ಕಣವ್ವ. ಓಗು, ಬಸ್ಸು ಓಯ್ತದೆ.”

ಅವಳು ಗಾಡಿಯನ್ನು ಎದೆಗೆ ಅವಚಿಕೊಂಡು ಓಡಿದಳು. ಗದರಿಸಿದರೂ ಹೋಗದೆ ನೇಗಿಲಿಗಾಗಿ ಬೆಳಿಗ್ಗೆಯಿಂದ ಹೊರಗೇ ಕಾದಿದ್ದ ಕುಳ್ಳಯ್ಯ ಈಗ ಧೈರ್ಯ ಮಾಡಿ ಒಳಗೆ ಬಂದು, ನೆಲದಲ್ಲಿ ಬಿದ್ದಿದ್ದ ತುಂಡನ್ನು ಎತ್ತಿ ತಿರುಗಿಸಿ ನೋಡಿದ.

“ಇದೇನ್ಲಾ ಮಂಚ, ನಿನ್ ಗುರ್ತು ಇಲ್ಲೇ ಬಿದ್ದದೆ, ಗಾಡಿ ಎಲ್ಲಿ?”

“ಗಾಡಿ ನೆಟ್ಟಗೆ ಓಗ್ಬೇಕಿತ್ತು ಕಣಣ್ಣ,” ಎಂದು ಮಂಚಯ್ಯ ಆ ತುಂಡನ್ನು ಅವನ ಕೈಯಿಂದ ಕಿತ್ತುಕೊಂಡ. “ಅದಕ್ಕೇ ಗುರ್ತ ಇಲ್ಲೇ ಬುಟ್ಟು ಓಯ್ತು.”