ಚೀಲ ಇಡುವ ಅಂಗಳ

ನ್ಯಾಮತಿ ತಾಲೂಕು ಕೇಂದ್ರವಾದ ಮೇಲೆ ನಮ್ಮೆಲ್ಲರ ನಡಿಗೆಯಲ್ಲಿ ಸ್ವಲ್ಪ ಗತ್ತು ಬಂತು. ಮೊದಲು ಹೊನ್ನಾಳಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಾಗಿದ್ದ ಕೆಲಸಗಳಿಗೆ ಈಗ ನಮ್ಮೂರಿನಲ್ಲೇ ಕೈಕಟ್ಟಿ ನಿಲ್ಲುವ ಸೌಲಭ್ಯ ಒದಗಿತು. ಇಂಥ ಊರಿಗೆ ತಕ್ಕ ಕಟ್ಟಡ ಬೇಡವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅನ್ನಿಸಿತು. ಅನ್ನಿಸಿದವರ ಕಣ್ಣು ನಮ್ಮ ಮನೆಯ ಎದುರಿನ ಹಳೇ ಮಳಿಗೆಗಳ ಮೇಲೆ ಬಿತ್ತು.

ಹಳೇ ಮಳಿಗೆ ಎಂದರೆ ಮೂರು ಕಡೆ ಹೆಂಚಿನ ಅಂಗಡಿ ಸಾಲು, ನಡುವೆ ಅಂಗಳ, ನಾಲ್ಕನೇ ಕಡೆ ರಸ್ತೆ. ಗೊಬ್ಬರದ ಅಂಗಡಿ, ಹಗ್ಗ ನೇಗಿಲಿನ ಅಂಗಡಿ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಹೋಟ್ಲು, ಮೂಲೆಯಲ್ಲಿ ಟೈಲರಕ್ಕ. ಇದನ್ನು ಕೆಡವಿ ನಾಲ್ಕು ಅಂತಸ್ತು ಎತ್ತುವುದು, ಕೆಳಗೆ ದೊಡ್ಡ ಅಂಗಡಿಗಳು, ಮೇಲೆ ಸಣ್ಣ ಅಂಗಡಿಗಳು, ಇನ್ನೂ ಮೇಲೆ ವಾಸಕ್ಕೆ ಮನೆಗಳು ಎಂದು ಯೋಜನೆ. ಅಂಗಳದ ಹೆಸರೇ ಅದರಲ್ಲಿ ಇರಲಿಲ್ಲ. ರಸ್ತೆ ಬದಿಗೆ ಒಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ನಾಯಿ ಹಿಡಿದು ನಡೆಯುವ ಬೆಳ್ಳನೆಯ ದಂಪತಿ. ನಮ್ಮ ಬೀದಿಯ ನಾಯಿಗಳು ಬಹಳ ಹೊತ್ತು ಆ ಫ್ಲೆಕ್ಸನ್ನು ನೋಡಿ, ತಮ್ಮ ಅಭಿಪ್ರಾಯವನ್ನು ಅದರ ಕಂಬದ ಮೇಲೆ ದಾಖಲಿಸಿ ಹೋದವು.

ನಮ್ಮ ಮನೆಯಲ್ಲಿ ವಿರೋಧ ಮೊದಲು ಹುಟ್ಟಿದ್ದು ಅಡುಗೆಮನೆಯಲ್ಲಿ.

'ನಾಕು ಅಂತಸ್ತು ಎದ್ರೆ ನಮ್ಮ ಮಾಳಿಗಿಗೆ ಬಿಸಿಲು ಎಲ್ಲಿಂದ ಬರ್ತೈತಿ? ಸಂಡಿಗೆ ಒಣಗಿಸಾಕೆ ನಾನು ಜಗಳೂರಿಗೆ ಹೋಗ್ಲಾ?' ಎಂದಳು ನನ್ನ ಹೆಂಡತಿ. ಬಿಸಿಲಿನ ವಿಷಯದಲ್ಲಿ ಜಗಳೂರಿನ ಮೇಲೆ ಅವಳಿಗೆ ಮೊದಲಿಂದಲೂ ಗೌರವ.

ಹಿಂದಿನ ಬೀದಿಯವರಿಗೆ ಚರಂಡಿಯ ಚಿಂತೆ, ಪಕ್ಕದವರಿಗೆ ನಲ್ಲಿ ನೀರಿನ ಚಿಂತೆ. ಇವೆಲ್ಲ ನಿಜವೇ. ಆದರೆ ನಿಜವಾಗಿ ಬುಡಕ್ಕೆ ಬಂದದ್ದು ಟೈಲರಕ್ಕನಿಗೆ. ಅದು ತಿಳಿಯಬೇಕಾದರೆ ಚೀಲದ ಪದ್ಧತಿ ತಿಳಿಯಬೇಕು.

ಹಳ್ಳಿಗಳಿಂದ ಬಸ್ಸಿಗೆ ಬಂದ ಹೆಂಗಸರು ಮೊದಲು ಈ ಅಂಗಳಕ್ಕೆ ಬರುತ್ತಾರೆ. ಟೈಲರಕ್ಕನ ಕಟ್ಟೆಯ ಹತ್ತಿರ ಚೀಲ ಇಡುತ್ತಾರೆ. 'ಅಕ್ಕಾ, ಇಟ್ಟೀನಿ' ಎನ್ನುತ್ತಾರೆ. ಅಕ್ಕ ಮಿಷನ್ನಿನಿಂದ ತಲೆ ಎತ್ತದೆ 'ಹೂಂ' ಎನ್ನುತ್ತಾಳೆ. ಕರಾರು ಅಷ್ಟೇ. ಆಮೇಲೆ ಅವರು ಆಫೀಸಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಕೈಬೀಸಿಕೊಂಡು ಹೋಗುತ್ತಾರೆ. ಚೀಟಿ ಇಲ್ಲ, ಬಾಡಿಗೆ ಇಲ್ಲ. ಒಮ್ಮೆ ಒಂದು ಚೀಲ ತಾನಾಗಿ ನಡೆದು ಗೊಬ್ಬರದ ಅಂಗಡಿಯ ತನಕ ಹೋಗಿತ್ತು. ಒಳಗೆ ಹುಂಜ ಇತ್ತು. ಅದನ್ನು ಬಿಟ್ಟರೆ ಯಾವ ಚೀಲವೂ ಸ್ಥಳ ಬದಲಿಸಿದ್ದು ನನಗೆ ನೆನಪಿಲ್ಲ.

ವಾಪಸ್ಸು ಚೀಲಕ್ಕೆ ಬಂದವರು ಬಸ್ಸು ಬರುವ ತನಕ ಕಟ್ಟೆ ಮೇಲೆ ಕೂರುತ್ತಾರೆ. ಕೂತವರಿಗೆ ಮಗಳ ರವಿಕೆ ನೆನಪಾಗುತ್ತದೆ, ಮೊಮ್ಮಗಳ ಲಂಗ ನೆನಪಾಗುತ್ತದೆ. ಟೈಲರಕ್ಕನ ಜೀವನ ನಡೆದದ್ದೇ ಹೀಗೆ. ಹೊಸ ಕಟ್ಟಡದಲ್ಲಿ ಹೊಲಿಗೆಯವರಿಗೆಲ್ಲ ಎರಡನೇ ಮಹಡಿ ಎಂದು ಸುದ್ದಿ ಬಂದ ದಿನ ಅಕ್ಕ ನನ್ನನ್ನು ಕರೆದು ಕೇಳಿದಳು.

'ಮೇಷ್ಟ್ರೇ, ಚೀಲ ಹೊತ್ಕೊಂಡು ಮೆಟ್ಲು ಹತ್ತಿ ಯಾರು ಬರ್ತಾರ್ರೀ? ಚೀಲ ಇಟ್ಟೋರೇ ನನ್ನತ್ರ ರವಿಕೆ ಹೊಲಿಸೋರು. ಚೀಲ ಬರ್ಲಿಲ್ಲ ಅಂದ್ರೆ ನಾನು ಮೇಲೆ ಕುಂತು ಯಾರ ಮೈ ಅಳತಿ ತಗಳ್ಲಿ? ಪಾರಿವಾಳದ್ದಾ?'

ಮೇಷ್ಟರಾಗಿ ನಿವೃತ್ತನಾದ ನಾನು ಜೀವಮಾನವೆಲ್ಲ ಪ್ರಶ್ನೆ ಕೇಳಿದವನು. ಉತ್ತರ ಹೇಳುವ ಅಭ್ಯಾಸ ಇರಲಿಲ್ಲ. ಹೀಗಾಗಿ ಒಂದು ಸಮಿತಿ ಮಾಡಿದೆವು.

ಗೊಬ್ಬರದ ಅಂಗಡಿಯ ಯಜಮಾನರು ದೊಡ್ಡ ಗಂಟಲಿನವರು, ಆದ್ದರಿಂದ ಕಾರ್ಯದರ್ಶಿ. ನನ್ನ ಹತ್ತಿರ ಇಸ್ತ್ರಿ ಮಾಡಿದ ಬಿಳೀ ಅಂಗಿ ಸದಾ ಸಿದ್ಧ ಇರುವುದರಿಂದ ನಾನು ಅಧ್ಯಕ್ಷ. ಇದಕ್ಕಿಂತ ದುರ್ಬಲ ಕಾರಣಗಳಿಗೆ ದೊಡ್ಡ ದೊಡ್ಡ ಪದವಿಗಳು ಸಿಕ್ಕಿರುವುದನ್ನು ನಾವು ಕಂಡಿದ್ದೇವೆ. ಅರ್ಜಿ ಕೊಟ್ಟೆವು, ಎರಡು ಸಲ ಘೋಷಣೆ ಕೂಗಿದೆವು. ಮೂರನೇ ಸಲ ಕೂಗುವಷ್ಟರಲ್ಲಿ ಮೆಣಸಿನಕಾಯಿಯ ಬಾಣಲೆ ಕೆಳಗಿಳಿದ ವಾಸನೆ ಬಂದು ಸಭೆ ಚದುರಿತು. ಆದರೂ ಅರ್ಜಿಗೆ ಬೆಲೆ ಬಂತು. ಅಂಗಳವನ್ನು ಜನ ನಿಜವಾಗಿ ಬಳಸುತ್ತಾರೋ ಅಥವಾ ಅದು ಸುಮ್ಮನೆ ಖಾಲಿ ಬಿದ್ದಿದೆಯೋ ಎಂದು ಎಂಜಿನಿಯರೊಬ್ಬರು ಬಂದು ನೋಡುತ್ತಾರೆ, ಬಳಕೆಯಲ್ಲಿದ್ದರೆ ನಕ್ಷೆ ಬದಲಾಗುತ್ತದೆ ಎಂದು ಆಫೀಸಿನವರು ತಿಳಿಸಿದರು.

ಇದಕ್ಕಿಂತ ಸುಲಭದ ಪರೀಕ್ಷೆ ಇರಲಿಲ್ಲ. ನಾವು ಏನೂ ಮಾಡದೆ ಕೂತಿದ್ದರೆ ಸಾಕಿತ್ತು. ಆದರೆ ಅಧಿಕಾರಿಗಳು ಮನೆ ಬಾಗಿಲಿಗೆ ಬರುವಾಗ ಏನೂ ಮಾಡದೆ ಕೂರುವುದು ನಮ್ಮ ಕಡೆಯವರ ಜಾಯಮಾನದಲ್ಲಿಲ್ಲ.

'ಬೀಗ್ರು ಬರ್ತಾರೆ ಅಂದ್ರೆ ನಡುಮನ್ಯಾಗೆ ಗೋಣಿಚೀಲ ಒಟ್ಟಿರ್ತೀವೇನ್ರೀ?' ಎಂದರು ಯಜಮಾನರು. ಅಧ್ಯಕ್ಷನಾಗಿ ನಾನು ಅದನ್ನು ಅನುಮೋದಿಸಿದೆ.

ತಳ್ಳುಗಾಡಿಗಳು ನಮ್ಮ ಹಿತ್ತಲಿಗೆ ಬಂದವು. ಬೈಕುಗಳು ಹಿಂದಿನ ಬೀದಿಗೆ ಹೋದವು. ಹಗ್ಗದ ಸುರುಳಿ, ನೇಗಿಲು, ಗೊಬ್ಬರದ ಮೂಟೆ ಎಲ್ಲ ಒಳಗೆ. ಅಂಗಳ ಗುಡಿಸಿ ನೀರು ಹಾಕಿ ದೊಡ್ಡ ರಂಗೋಲಿ ಬಿಟ್ಟೆವು. ಬೆಳಗಿನ ಬಸ್ಸಿಗೆ ಬಂದ ಹೆಂಗಸರನ್ನು ಯಜಮಾನರು ಖುದ್ದಾಗಿ ರಸ್ತೆಯಲ್ಲೇ ತಡೆದು, 'ಇವತ್ತೊಂದಿನ ಬ್ಯಾಡ್ರಮ್ಮಾ, ದೊಡ್ಡೋರು ಬರ್ತಾರೆ' ಎಂದು ಚೀಲಗಳ ಸಮೇತ ಮುಂದಕ್ಕೆ ಕಳಿಸಿದರು. ಟೈಲರಕ್ಕ ಮಿಷನ್ನು ನಿಲ್ಲಿಸಿ ಖಾಲಿ ಕಟ್ಟೆಯನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜೀಪು ಬಂತು.

ಎಂಜಿನಿಯರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಅಂಗಳದ ನಡುವೆ ನಿಂತು ಸುತ್ತ ಒಮ್ಮೆ ನೋಡಿದರು. ಮುಖ ಅರಳಿತು.

'ಎಷ್ಟು ಚೊಕ್ಕಟ ಇಟ್ಟಿದ್ದೀರಿ ಸರ್. ಪೂರ್ತಿ ಖಾಲಿ ಇದೆಯಲ್ಲ.'

ಆ ಒಂದು ಮಾತಿಗೆ ಸಮಿತಿಯ ಮೇಲೆ ಕವಿದ ಮೌನವನ್ನು ನಾನು ಯಾವ ಶ್ರದ್ಧಾಂಜಲಿ ಸಭೆಯಲ್ಲೂ ಕಂಡಿಲ್ಲ.

'ಇಲ್ಲ ಮೇಡಂ, ಇವತ್ತು ಒಂದಿನ ಖಾಲಿ' ಎಂದರು ಯಜಮಾನರು. ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ.

'ಯಾಕೆ?'

'ನೀವು ಬರ್ತೀರಂತ.'

'ದಿನಾ ಹೆಂಗಿರುತ್ತೆ?'

'ದಿನಾ ಕಾಲಿಡಾಕೆ ಜಾಗ ಇರಲ್ಲ ಮೇಡಂ. ಗಲೀಜು ಅಂದ್ರೆ ಗಲೀಜು.'

ಆಕೆ ನಕ್ಕರು. ಇಂಥ ಎಷ್ಟು ಮಾತು ಕೇಳಿದ್ದರೋ. ಟೇಪು ಹಿಡಿಸಿ ಅಳತೆ ತೆಗೆಸಿ, ಕಂಡದ್ದನ್ನು ಬರೆದುಕೊಂಡರು. ಕಂಡದ್ದು ರಂಗೋಲಿ ಮಾತ್ರ. ಟೈಲರಕ್ಕ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದಳು, ಎರಡನೇ ಮಹಡಿಗೆ ಹೊರಟವಳ ಹಾಗೆ. ನಾನು ಅವಳ ಕಡೆ ನೋಡಲಿಲ್ಲ.

ನಮ್ಮನ್ನು ಮುಳುಗಿಸಿದ ಉಪಚಾರ ಅಲ್ಲಿಗೇ ನಿಲ್ಲಲಿಲ್ಲ. ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೆ? 'ಒಂದೀಟು ಮಂಡಕ್ಕಿ ತಿಂದು ಹೋಗ್ರಿ ಮೇಡಂ, ಮೆಣಸಿನಕಾಯಿ ಬಿಸಿ ಐತೆ' ಎಂದು ಹೋಟ್ಲಿನವರು ಕುರ್ಚಿ ತಂದು ಟೈಲರಕ್ಕನ ಕಟ್ಟೆಯ ಪಕ್ಕದ ನೆರಳಿಗೆ ಹಾಕಿದರು. ಆಕೆ ಬೇಡ ಬೇಡ ಎನ್ನುತ್ತಲೇ ಕೂತರು. ಮೆಣಸಿನಕಾಯಿ ಖಾರ ಇತ್ತು. ಚಹಾ ಬರುವ ತನಕ ಏಳುವ ಹಾಗಿರಲಿಲ್ಲ.

ಆಗ ಮಧ್ಯಾಹ್ನದ ಬಸ್ಸು ಬಂತು. ಯಜಮಾನರು ಅದನ್ನು ತಡೆಯಲು ಮರೆತಿದ್ದರು.

ಮುಂದೆ ಬಂದ ಅಜ್ಜಿ ರಂಗೋಲಿ ನೋಡಿ ನಿಂತಳು. 'ಯಾರ ಮದುವೇನೇ?' ಎಂದಳು. ಉತ್ತರಕ್ಕೆ ಬಿಸಿಲಿನಲ್ಲಿ ನಿಂತು ಎಷ್ಟೆಂದು ಕಾಯುವುದು? ನೇರ ನಡೆದು ಬಂದು ಚೀಲವನ್ನು ಎಂಜಿನಿಯರರ ಕಾಲ ಬುಡದಲ್ಲಿ ಇಳಿಸಿದಳು.

'ತಾಯೀ, ಹೆಂಗಿದ್ರೂ ಕುಂತಿದ್ದೀಯಲ್ಲ, ಸ್ವಲ್ಪ ನೋಡ್ಕಾ. ಬರ್ತೀನಿ.'

ಒಂದು ಚೀಲ ಇಟ್ಟ ಜಾಗದಲ್ಲಿ ಇನ್ನೊಂದು ಇಡಲು ನಮ್ಮವರಿಗೆ ಅಪ್ಪಣೆ ಬೇಕಿಲ್ಲ. ನೋಡನೋಡುತ್ತಿದ್ದಂತೆ ರಂಗೋಲಿ ಮುಚ್ಚಿಹೋಯಿತು. ಬುಟ್ಟಿ, ಬ್ಯಾಗು, ಗಂಟು, ಕುಂಬಳಕಾಯಿ. ಒಬ್ಬಳು ಆಡಿನ ಮರಿಯನ್ನು ಕುರ್ಚಿಯ ಕಾಲಿಗೇ ಕಟ್ಟಿದಳು. 'ಇಟ್ಟೀನಿ', 'ಇಟ್ಟೀನಿ' ಎನ್ನುತ್ತ ಎಲ್ಲರೂ ಊರೊಳಗೆ ಕರಗಿದರು.

ಮಂಡಕ್ಕಿ ಪೊಟ್ಟಣ ಕೈಯಲ್ಲೇ ಹಿಡಿದು ಎಂಜಿನಿಯರ್ ಸುತ್ತಲೂ ನೋಡಿದರು. ಏಳುವಂತಿಲ್ಲ, ಮರಿ ಕಟ್ಟಿದೆ.

'ಇವರೆಲ್ಲ ಎಲ್ಲಿಗೆ ಹೋದ್ರು?'

'ಆಫೀಸಿಗೆ ಹೋಗ್ಯಾರೆ ಮೇಡಂ' ಎಂದಳು ಟೈಲರಕ್ಕ.

'ಯಾವಾಗ ಬರ್ತಾರೆ?'

'ಅದನ್ನ ಆಫೀಸಿನೋರು ನೀವೇ ಹೇಳ್ಬೇಕು.'

ನಗು ಮೊದಲು ಬಂದದ್ದು ಎಂಜಿನಿಯರರಿಗೇ. ಆಮೇಲೆ ಕೇಳಿದ್ದಕ್ಕೆಲ್ಲ ಅಕ್ಕನೇ ಉತ್ತರ ಹೇಳಿದಳು: ಚೀಲ, ಕಟ್ಟೆ, ರವಿಕೆ, ಮೆಟ್ಟಿಲು. ಸಮಿತಿ ಬಾಯಿ ಹಾಕಲಿಲ್ಲ. ಅದು ನಾವು ಮಾಡಿದ ಒಂದೇ ಉಪಕಾರ. ಬರೆದುಕೊಂಡದ್ದರ ಮೇಲೆ ಆಕೆ ಒಂದು ಗೀಟು ಎಳೆದು ಕೆಳಗೆ ಬೇರೆ ಬರೆದರು. ಹೊರಡುವಾಗ ಮರಿಯನ್ನು ಬಿಚ್ಚಿ ಅಕ್ಕನ ಮಿಷನ್ನಿನ ಕಾಲಿಗೆ ಕಟ್ಟಿ, 'ಇಟ್ಟೀನಿ' ಎಂದರು. ಅಕ್ಕ 'ಹೂಂ' ಎಂದಳು.

ಹೊಸ ನಕ್ಷೆ ಬರಲು ಒಂದು ಮಳೆಗಾಲ ಹಿಡಿಯಿತು. ಅಂತಸ್ತು ಎರಡಕ್ಕೆ ಇಳಿದಿದೆ, ಅಂಗಳ ಉಳಿದಿದೆ, ಹೊಲಿಗೆಯವರಿಗೆ ಕೆಳಗಿನ ಸಾಲು. ನಮ್ಮ ಮಾಳಿಗೆಗೆ ಬಿಸಿಲು ಹತ್ತು ಗಂಟೆಯ ಮೇಲೆ ಸಿಗುತ್ತದಂತೆ. ಹೆಂಡತಿ ಅದನ್ನು ಅರ್ಧ ಗೆಲುವು ಎಂದು ಪರಿಗಣಿಸಿದ್ದಾಳೆ. ಸದ್ಯಕ್ಕೆ ಹಿಂದಿನ ಸಾಲು ಒಡೆಯುತ್ತಿದ್ದಾರೆ. ಟೈಲರಕ್ಕ ಅಂಗಳದ ಅಂಚಿನಲ್ಲಿ ತಗಡಿನ ಕೆಳಗೆ ಮಿಷನ್ನು ಹಾಕಿಕೊಂಡಿದ್ದಾಳೆ. ಧೂಳು ಬಹಳ. ಚೀಲಗಳು ಬರುತ್ತವೆ.

ಮೊನ್ನೆ ಕೆಲಸ ನೋಡಲು ಎಂಜಿನಿಯರ್ ಬಂದಿದ್ದರು. ಜೀಪು ಇಳಿದವರೇ ತಮ್ಮ ಬ್ಯಾಗನ್ನು ತಂದು ತಗಡಿನ ಕೆಳಗೆ ಇಟ್ಟು ಹೋದರು. ವಾಪಸ್ಸು ಬಂದು ಸ್ವಲ್ಪ ಹೊತ್ತು ಕೂತರು. ಕೂತ ಮೇಲೆ, ಬ್ಯಾಗಿನಿಂದ ಒಂದು ರವಿಕೆ ಕಣ ಹೊರಗೆ ಬಂತು.

ಸಂಜೆ ಅಕ್ಕ ನನಗೆ ಒಂದು ಹಾಳೆ ತೋರಿಸಿದಳು. ತೋಳು ಎಷ್ಟು, ಕುತ್ತಿಗೆ ಎಷ್ಟು ಎಂದು ಎಂಜಿನಿಯರ್ ಗೀಟು ಎಳೆದು ಅಚ್ಚುಕಟ್ಟಾಗಿ ನಕ್ಷೆ ಬರೆದುಕೊಟ್ಟಿದ್ದರು.

'ಚೆಂದ ಐತೆ ಮೇಷ್ಟ್ರೇ. ಆದ್ರೆ ಈ ನಕ್ಷೆ ಪ್ರಕಾರ ಹೊಲಿದ್ರೆ ಕೈ ಮೇಲೆತ್ತಾಕೆ ಆಗಲ್ಲ' ಎಂದಳು ಅಕ್ಕ.

'ಮತ್ತೆ?'

'ಮತ್ತೇನು, ಬದಲಾಯಿಸ್ತೀನಿ' ಎಂದು ಕತ್ತರಿ ತೆಗೆದುಕೊಂಡಳು.