ಸಂಡಿಗೆಯ ಜೊತೆ ಒಣಗಿದ ರೆಕಾರ್ಡು

ನಾನು ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷಿನ ಒಂದಕ್ಷರವೂ ಬರುವುದಿಲ್ಲ. ಆದರೂ ನನ್ನ ಕಪಾಟಿನಲ್ಲಿ ಅರವತ್ತೆರಡು ಹಳೆಯ ವಿಲಾಯಿತಿ ರೆಕಾರ್ಡುಗಳಿವೆ. ಎಲ್ಲವೂ ಬರೀ ವಾದ್ಯದವು. ಐವತ್ತು ಜನ ಕೂಡಿ ಮೆಲ್ಲಗೆ ಪಿಟೀಲು ಬಾರಿಸಿದಂಥವು. ಹಾಡುವವರಿದ್ದರೆ ನನಗೆ ಬೇಡ. ಅವರು ಏನೋ ಹೇಳುತ್ತಾರೆ, ನನಗೆ ತಿಳಿಯುವುದಿಲ್ಲ. ಪಿಟೀಲು ಏನೂ ಹೇಳುವುದಿಲ್ಲ. ಅದರ ಮುಂದೆ ಕಲಿತವರೂ ನಾನೂ ಒಂದೇ.

ಇವು ಸಿಗುವುದು ಹಳೇ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ. ಲಕೋಟೆಯ ಮೇಲಿನ ಚಿತ್ರ ನೋಡಿ ಆರಿಸುತ್ತೇನೆ. ಸಮುದ್ರದ ದಂಡೆ, ಮೇಣದಬತ್ತಿ, ಬೆನ್ನು ತೋರಿಸಿ ಕೂತ ಹೆಂಗಸು ಇದ್ದರೆ ಒಳಗೆ ಪಿಟೀಲು. ಗಂಡಸು ಬಾಯಿ ತೆರೆದಿದ್ದರೆ ಹಾಡು. ಅದನ್ನು ವಾಪಸು ಇಡುತ್ತೇನೆ.

ಅಲ್ಲಿಗೇ ಧಾರವಾಡದ ಕೆಲಗೇರಿಯಿಂದ ನಿವೃತ್ತ ಮಾಸ್ತರರೊಬ್ಬರು ಬರುತ್ತಾರೆ. ಅವರಿಗೂ ಇದೇ ಹುಚ್ಚು. ಒಂದು ದಿನ ಅಂಗಡಿಯಾತ ಕಹಳೆಗಳ ರೆಕಾರ್ಡೊಂದನ್ನು ಹಚ್ಚಿದ್ದ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮಾಸ್ತರರು ಅದನ್ನು ಕೊಂಡುಬಿಟ್ಟರು. ಆರು ತಿಂಗಳು ಅವರ ಬೆನ್ನು ಹತ್ತಿದೆ. ಕಡೆಗೆ ಒಪ್ಪಿದರು: ನನ್ನ ಹಿಮದ ಚಿತ್ರದ ರೆಕಾರ್ಡು ಅವರಿಗೆ, ಕಹಳೆಯದು ನನಗೆ. ರವಿವಾರ ಮನೆಗೇ ತರುತ್ತೇನೆಂದರು.

ಮಾಸ್ತರರು ಹುಳುಕು ಹುಡುಕುವ ಮನುಷ್ಯ. ಅದಕ್ಕೇ ಶನಿವಾರ ನನ್ನ ರೆಕಾರ್ಡನ್ನು ಅಂಟವಾಳದ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಒಣಗಲಿಟ್ಟೆ. ಮೂರು ತಾಸು ಕೂತು ಕಾಗೆ ಕಾಯ್ದೆ. ಸಂಡಿಗೆ ಒಣಗಿದವು, ರೆಕಾರ್ಡು ಅಂಚೆತ್ತಿ ಹಪ್ಪಳದಂತೆ ಡೊಂಕಾಯಿತು. ಮರುದಿನದವರೆಗೆ ಬೀಸುಕಲ್ಲಿನ ಕೆಳಗಿಟ್ಟೆ. ಪೂರಾ ಸರಿಹೋಗಲಿಲ್ಲ.

"ಅತ್ತಿ, ತಂದಾಗಿಂದ ಹಂಗ ಐತಿ ಅಂದ್ಬಿಡ್ರಿ," ಎಂದಳು ಸೊಸೆ.

ಹಾಗೇ ಅನ್ನಬೇಕೆಂದಿದ್ದೆ. ಮಾಸ್ತರರು ಬಂದರು, ಅವಲಕ್ಕಿ ತಿಂದರು, ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು.

"ಅಕ್ಕಾರ, ನಮ್ಮ ಕೆಲಗೇರಿ ಕೆರ್ಯಾಗ ಎದ್ದಂಗ ಇದ್ರಾಗ ತೆರಿ ಎದ್ದಾವಲ್ರಿ?"

ಸೊಸೆ ಕಣ್ಸನ್ನೆ ಮಾಡಿದಳು. ಆದರೆ ಮೂರು ತಾಸು ಕಾಗೆ ಕಾಯ್ದದ್ದನ್ನು ಮುಚ್ಚಿಡುವ ಮನಸ್ಸಾಗಲಿಲ್ಲ.

"ತೊಳದು ಬಿಸಲಿಗೆ ಇಟ್ಟಿದ್ದೆರಿ. ಸಂಡಿಗಿ ಜೋಡಿ."

"ಸಂಡಿಗಿಯರೆ ಛಲೋ ಆಗ್ಯಾವೇನ್ರಿ?"

"ಆಗ್ಯಾವ. ಕರದು ಕೊಡತೇನಿ, ತಿಂದು ಹೋಗ್ರಿ."

ಹಚ್ಚಿ ಕೇಳಿದೆವು. ಮುಳ್ಳು ಏರಿ ಇಳಿಯಿತು. ಪಿಟೀಲಿನವರೆಲ್ಲ ಕುಡಿದು ಬಂದು ಕೂತಂತಿತ್ತು. ಎರಡೂ ಬದಿ ಮುಗಿಯುವವರೆಗೆ ಮಾಸ್ತರರು ಮುಖ ಗಂಟಿಕ್ಕದೆ ಕೇಳಿದರು, ಅದು ಅವರ ದೊಡ್ಡ ಗುಣ. ಆಮೇಲೆ ತಾವು ತಂದ ಕಹಳೆಯದನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು, ಅದು ಸಣ್ಣ ಗುಣ.

"ಹಂಗಾದ್ರ ಮೃತ್ಯುಪತ್ರದಾಗರೆ ನನ್ನ ಹೆಸರಿಗೆ ಬರದಿಡ್ರಿ ಮಾಸ್ತರ," ಎಂದೆ.

"ನಿಮಗಿಂತ ನಾ ನಾಕು ವರ್ಷ ಸಣ್ಣಾಂವ ಅದೀನ್ರಿ ಅಕ್ಕಾರ."

"ಅಂದ್ರ ಈಗ ಕೊಡೂದ ಛಲೋ."

ನಗುತ್ತಲೇ ಚೀಲದಿಂದ ಹೊರತೆಗೆದರು. "ಒಂದು ವಾರ ಇಟ್ಕೊಂಡು ಕೇಳ್ರಿ. ಕೊಟ್ಟಿಲ್ಲ ಮತ್ತ. ನೀರು ಮಾತ್ರ ಮುಟ್ಟಿಸಬ್ಯಾಡ್ರಿ."

ಅದಾಗಿ ಐದು ವಾರ. ದಿನಾ ಊಟವಾದ ಮೇಲೆ ಹಚ್ಚುತ್ತೇನೆ. ರವಿವಾರಕ್ಕೊಮ್ಮೆ ಮಾಸ್ತರರು ಫೋನು ಮಾಡಿ, ಕಹಳೆ ಆರಾಮ ಇದೆಯೇ ಎಂದು ಕೇಳುತ್ತಾರೆ. ಚಪ್ಪಟೆಯಾಗಿಯೇ ಇದೆ ಎನ್ನುತ್ತೇನೆ. ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಿದರೆ, ಆ ಒಂದು ಮಾತಿಗೆ ಮಾತ್ರ ನನಗೆ ಕಿವಿ ಮಂದ.