ಬೇರೆಯವರ ನಾಲಿಗೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ದೊಡ್ಡ ಡಾಕ್ಟರು ಕೂಡ. ಮುನ್ನೂರು ಜನರಿಗೆ ಎರಡು ಹೊತ್ತು ಬೇಯಿಸುವ ಮುಖ್ಯ ಅಡುಗೆಯವರು ಅವರು. ಅರವತ್ತೆರಡು ವಯಸ್ಸು, ಗಿಡ್ಡ ಆಳು, ಮೊಣಕೈವರೆಗೂ ಎಣ್ಣೆ ಸಿಡಿದ ಕಲೆಗಳು. ಇಪ್ಪತ್ತೊಂದನೇ ವಯಸ್ಸಿಗೆ ಪಾತ್ರೆ ಉಜ್ಜಲು ಬಂದವರು ನಾಲ್ಕು ವರ್ಷ ನಲ್ಲಿಯ ಬುಡ ಬಿಟ್ಟು ಅಲ್ಲಾಡಲಿಲ್ಲವಂತೆ. ಅಲ್ಲಿಂದ ಒಲೆಯ ಹತ್ತಿರ ಬರಲು ಇನ್ನೂ ಆರು ವರ್ಷ ಹಿಡಿಯಿತು. ಮಗಳನ್ನು ಓದಿಸಿ ಇದೇ ಆಸ್ಪತ್ರೆಯಲ್ಲಿ ನರ್ಸ್ ಮಾಡಿದರು. ಆಕೆ ಊಟದ ಹೊತ್ತಿಗೆ ಬಂದರೆ ಮಾತ್ರ, "ಸಾಲಲ್ಲಿ ನಿಂತ್ಕೋ," ಎನ್ನುತ್ತಿದ್ದರು.

ನಾನು ಅಲ್ಲಿಗೆ ಸಹಾಯಕಿಯಾಗಿ ಸೇರಿದಾಗ ಅವರ ಒಂದು ಅಭ್ಯಾಸ ನನ್ನ ತಲೆ ತಿನ್ನುತ್ತಿತ್ತು. ಊಟವಾಗಿ ತಟ್ಟೆಗಳು ವಾಪಸ್ ಬಂದಾಗ, ತೊಳೆಯುವ ಮೊದಲು ಅವರು ಒಂದೊಂದನ್ನೂ ನೋಡುತ್ತಿದ್ದರು. ಯಾರು ಏನು ಬಿಟ್ಟರು, ಎಷ್ಟು ಬಿಟ್ಟರು, ಅನ್ನವನ್ನು ಬದಿಗೆ ತಳ್ಳಿದ್ದಾರೋ ಕಲೆಸಿ ಬಿಟ್ಟಿದ್ದಾರೋ. ಎಂಜಲು ತಟ್ಟೆಯಲ್ಲಿ ಅಂಥದ್ದೇನಿದೆ ಎಂದು ಕೇಳಿಯೇಬಿಟ್ಟೆ.

"ಹೇಗಿದೆ ಊಟ ಅಂದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ," ಎಂದರು. "ತಟ್ಟೆಗೆ ಆ ಮುಲಾಜಿಲ್ಲ."

ಕೇಳದೆ ಇರುವುದು ನನ್ನಿಂದಾಗದ ಕೆಲಸ. ಇವಳ ಮೂಗು ಇವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ ಎಂದು ನನ್ನ ಅಮ್ಮ ಬೈಯುತ್ತಿದ್ದರು. ಅಮ್ಮ, ಶಾಲೆಗೆ ಹೋಗುವ ಮಗಳು, ಇಬ್ಬರೂ ನನ್ನ ಒಬ್ಬಳ ದುಡಿಮೆಯನ್ನೇ ನಂಬಿಕೊಂಡವರು. ಆಸ್ಪತ್ರೆಯವರು ನನ್ನನ್ನು ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ಐದನೇ ತಿಂಗಳಿಗೆ ರಂಜಾನ್ ಬಂತು.

ಆ ತಿಂಗಳು ಚಾಚಾ ಬೆಳಗಿನಿಂದ ಸಂಜೆವರೆಗೆ ಒಂದು ಹನಿ ನೀರನ್ನೂ ಮುಟ್ಟದೆ ಒಲೆಯ ಮುಂದೆ ನಿಲ್ಲುತ್ತಿದ್ದರು. ಆಗ ಅಡುಗೆಯ ಉಪ್ಪು ಖಾರ ನೋಡಲು ಬೇರೆಯವರ ನಾಲಿಗೆ ಬೇಕು. ಪ್ರತಿ ವರ್ಷ ಒಬ್ಬರನ್ನು ಆರಿಸುತ್ತಿದ್ದರು. ನಮ್ಮಲ್ಲಿ ತರಕಾರಿ ಹೆಚ್ಚುವವರೊಬ್ಬರು ಚಾಚಾ ಹೋಗುವ ಮಸೀದಿಗೇ ಹೋಗುವವರು. ಸಕ್ಕರೆ ಕಾಯಿಲೆ ಇದ್ದದ್ದರಿಂದ ರೋಜಾ ಇರುತ್ತಿರಲಿಲ್ಲ. ಪಕ್ಕದಲ್ಲೇ ಇದ್ದ ಅವರನ್ನು ಮಾತ್ರ ಚಾಚಾ ಒಮ್ಮೆಯೂ ಕೇಳಿದ್ದಿಲ್ಲ. ಒಂದು ವರ್ಷ ಭಾನುವಾರ ಚರ್ಚಿಗೆ ಹೋಗಿ ತಡವಾಗಿ ಬರುವ ಪಾತ್ರೆ ತೊಳೆಯುವ ಅಕ್ಕ, ಇನ್ನೊಂದು ವರ್ಷ ಯಾವ ದೇವರನ್ನೂ ನಂಬದ ಉಗ್ರಾಣದ ಗುಮಾಸ್ತ. ಈ ಸಲ, ದಿನಾ ದೇವರಿಗೆ ದೀಪ ಹಚ್ಚಿ ಕೆಲಸಕ್ಕೆ ಬರುವ ನಾನು. ಅದೇಕೆ ಹಾಗೆ ಎಂದರೆ ಚಾಚಾ ನಕ್ಕು, "ಈರುಳ್ಳಿ ಸೀಯ್ತಿದೆ ನೋಡು," ಎಂದರು.

ನಾನು ಹೇಳದೆ ಮುಚ್ಚಿಟ್ಟದ್ದು ಒಂದಿತ್ತು. ವಾರದ ಹಿಂದೆ ನನಗೆ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆ ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ ಮೂಗೇ ಕೈಕೊಟ್ಟಿತು. ನಾಲಿಗೆಯ ಮೇಲೆ ಉಪ್ಪಿನ ಹರಳಿಟ್ಟುಕೊಂಡರೂ ಮರಳು ಇಟ್ಟುಕೊಂಡ ಹಾಗೆ. ರುಚಿ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೆದರಿಕೆಗೆ ತುಟಿ ಪಿಟಕ್ಕೆನ್ನಲಿಲ್ಲ.

ಮೊದಲ ದಿನ ಚಾಚಾ ಬೇಳೆಯ ಪಾತ್ರೆಯಿಂದ ಸೌಟು ಎತ್ತಿ ನನ್ನ ಅಂಗೈಗೆ ನಾಲ್ಕು ಹನಿ ಹಾಕಿದರು. ನಾನು ನೆಕ್ಕಿ, "ಸರಿಯಾಗಿದೆ ಚಾಚಾ," ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಲೆ ಆರಿಸಿದರು. ಮಧ್ಯಾಹ್ನ ತಟ್ಟೆಗಳು ಅರ್ಧರ್ಧ ತುಂಬಿಕೊಂಡು ವಾಪಸ್ ಬಂದವು. ಚಾಚಾ ಅವನ್ನೆಲ್ಲ ಒಂದೊಂದಾಗಿ ನೋಡಿ ತೊಳೆಯಲು ಕಳಿಸಿದರು.

ಎರಡನೇ ದಿನವೂ ಅದೇ ಸೌಟು, ಅದೇ "ಸರಿಯಾಗಿದೆ". ಆದರೆ ಅಂದು ತಟ್ಟೆಗಳು ಖಾಲಿಯಾಗಿ ಬಂದವು. ಮೂರನೇ ದಿನವೂ ಹಾಗೇ. ರುಚಿ ನೋಡುವಂತಿಲ್ಲದವರು ಒಬ್ಬರು, ನೋಡಲಾರದವಳು ಇನ್ನೊಬ್ಬಳು, ಇಬ್ಬರೂ ಸೇರಿ ಮುನ್ನೂರು ಜನರಿಗೆ ಬಾಯಿ ಚಪ್ಪರಿಸುವ ಹಾಗೆ ಬೇಯಿಸುತ್ತಿದ್ದೇವೆ! ದೇವರ ದಯೆ ಎಂದು ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರಲು ಬಂದರೆ ತಾನೇ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನನಗೆ ಸೌಟು ಹಿಡಿಯುವ ಮೊದಲೇ ಚಾಚಾ ಒಂದು ಸಣ್ಣ ಲೋಟವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಉಗ್ರಾಣದ ಹಿಂದಿನ ಬಚ್ಚಲ ಕಡೆ ಹೋಗುತ್ತಿದ್ದರು. ನಿಮಿಷ ಬಿಟ್ಟು ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ಮೂರು ದಿನ ನೋಡಿದೆ, ಮೂರು ದಿನವೂ ಅದೇ.

ಪಾಪ, ಕದ್ದು ಕುಡಿಯುತ್ತಿದ್ದಾರೆ ಎಂದುಕೊಂಡೆ. ಮೊದಲು ಸಣ್ಣ ಬೇಜಾರಾಯಿತು, ನಿಜ ಹೇಳಬೇಕಲ್ಲ. ಆಮೇಲೆ ಆ ವಯಸ್ಸು, ಆ ಒಲೆಯ ಕಾವು ನೆನೆದು ಕರುಳು ಚುರಕ್ಕೆಂದಿತು. ಆ ವಿಷಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಅವರ ಗುಟ್ಟು ಕಾಪಾಡುತ್ತಿರುವ ದೊಡ್ಡ ಮನಸ್ಸಿನವಳು ನಾನು ಎಂಬ ಜಂಬವೂ ಸ್ವಲ್ಪ ಇತ್ತು.

ಹನ್ನೆರಡನೇ ದಿನ ಎಡವಟ್ಟಾಯಿತು. ಕಿಡ್ನಿ ವಾರ್ಡಿನ ಬೇಳೆಗೆ ಉಪ್ಪು ಹಾಕುವಂತಿಲ್ಲ. ಆ ಪಾತ್ರೆಯ ಮುಚ್ಚಳಕ್ಕೆ ಮಾತ್ರ ಕೆಂಪು ಬಣ್ಣ. ಅಂದು ಅದೂ ಪಕ್ಕದ ವಾರ್ಡಿನ ಉಪ್ಪು ಹಾಕಿದ ಬೇಳೆಯ ಪಾತ್ರೆಯೂ ಒಂದೇ ಅಳತೆಯವು. ಬಡಿಸುವ ಗಾಡಿಯವನು ಹಬೆ ಹೋಗಲೆಂದು ಎರಡೂ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದ. ಮತ್ತೆ ಮುಚ್ಚುವಾಗ ಯಾವುದು ಯಾವುದರದ್ದೆಂದು ಮರೆತ. ಬಾಗಿಲಲ್ಲೇ ಮೇಲ್ವಿಚಾರಕಿ ಮೇಡಂ ನಿಂತಿದ್ದರು.

"ರುಚಿ ನೋಡೋಳು ನೀನಲ್ವಾ? ಬೇಗ ನೋಡಿ ಹೇಳು, ಉಪ್ಪಿಲ್ಲದ್ದು ಯಾವುದು?" ಎಂದರು.

ಮೊದಲ ಪಾತ್ರೆಯದನ್ನು ನಾಲಿಗೆಗೆ ಹಾಕಿಕೊಂಡೆ, ಬಿಸಿ ಮಾತ್ರ ತಿಳಿಯಿತು. ಎರಡನೆಯದೂ ಅಷ್ಟೇ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದನ್ನು ತೋರಿಸಿಬಿಟ್ಟರೆ ಸರಿಯಾಗುವ ಸಾಧ್ಯತೆ ಅರ್ಧ. ತಪ್ಪಾದರೆ ಆ ವಾರ್ಡಿನ ಹದಿನೆಂಟು ಜನರಿಗೆ ಅದು ವಿಷ. ಅಮ್ಮನ ಮುಖ, ಮಗಳ ಶಾಲೆಯ ಚೀಲ ಕಣ್ಣ ಮುಂದೆ ಬಂದವು. ಕೈ ಎತ್ತಲಾಗಲಿಲ್ಲ.

"ನನಗೆ ಗೊತ್ತಾಗಲ್ಲ ಮೇಡಂ," ಎಂದೆ. "ಜ್ವರ ಬಂದಾಗಿನಿಂದ ರುಚಿ ತಿಳಿಯಲ್ಲ. ಇಷ್ಟು ದಿನ ಸುಳ್ಳು ಹೇಳ್ತಿದ್ದೆ."

ಯಾರಾದರೂ ಮಾತಾಡುವ ಮೊದಲೇ ಚಾಚಾ ನನ್ನ ಕೈಯಿಂದ ಚಮಚ ತೆಗೆದುಕೊಂಡರು. ಒಂದು ಪಾತ್ರೆಯಿಂದ ನಾಲಿಗೆಯ ತುದಿಗೆ ತಾಗಿಸಿ ಬಚ್ಚಲಿಗೆ ಉಗಿದರು. ಬಾಯಿ ಮುಕ್ಕಳಿಸಿ ಬಂದು ಇನ್ನೊಂದರಿಂದ ತಾಗಿಸಿ ಮತ್ತೆ ಉಗಿದರು. ಎಡಗಡೆಯದರ ಮೇಲೆ ಕೆಂಪು ಮುಚ್ಚಳ ಇಟ್ಟು, "ಹೊರಡು," ಎಂದರು ಗಾಡಿಯವನಿಗೆ.

"ಚಾಚಾ, ನಿಮ್ಮ ರೋಜಾ!" ಎಂದರು ಪಾತ್ರೆ ತೊಳೆಯುವ ಅಕ್ಕ. "ನಾನಿದ್ನಲ್ಲ, ನನ್ನನ್ನ ಕೇಳಬಾರದಾ?"

"ಗಂಟಲು ದಾಟಿದ್ರೆ ಮುರಿಯುತ್ತೆ. ನಾಲಿಗೆಗೆ ತಾಗಿಸಿ ಉಗಿಯೋದಕ್ಕೆ ಅಡುಗೆಯವರಿಗೆ ಅಡ್ಡಿಯಿಲ್ಲ," ಎಂದರು ಚಾಚಾ. "ಹನ್ನೊಂದು ದಿನದಿಂದ ನಾನೇ ನೋಡ್ತಿದೀನಿ. ಇವಳಿಗೆ ನಾಲಿಗೆಯಿಲ್ಲ ಅಂತ ಮೊದಲ ದಿನದ ತಟ್ಟೆಗಳೇ ಹೇಳಿದ್ವು. ಬೈಯೋದಿದ್ರೆ ನನಗೂ ಬೈಯಿರಿ ಮೇಡಂ."

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬಚ್ಚಲಲ್ಲಿ ಅವರು ಕುಡಿಯುತ್ತಿರಲಿಲ್ಲ, ಉಗಿಯುತ್ತಿದ್ದರು. ನನ್ನ ಸುಳ್ಳಿಗೆ ಮೂರನೆಯವರ ಕಣ್ಣು ಬೀಳದಿರಲೆಂದು ಟವೆಲ್ಲು ಮುಚ್ಚಿಕೊಂಡು ಹೋಗುತ್ತಿದ್ದರು. ಅವರನ್ನು ನಾನು ಏನೆಂದುಕೊಂಡಿದ್ದೆ!

ಆದರೆ ನನ್ನ ಬುದ್ಧಿ ಎಲ್ಲಿ ಹೋಗಬೇಕು? ಅಳುತ್ತಲೇ ಕೇಳಿದೆ, "ಅಡ್ಡಿಯಿಲ್ಲ ಅಂದ್ಮೇಲೆ, ಇಷ್ಟು ವರ್ಷ ಬೇರೆಯವರ ನಾಲಿಗೆ ಯಾಕೆ ಬೇಕಿತ್ತು ಚಾಚಾ?"

ಚಾಚಾ ಒಲೆಯ ಕಡೆ ತಿರುಗಿದರು. ಈ ಸಲವೂ ಈರುಳ್ಳಿಯ ಕಡೆ ಕೈ ತೋರಿಸುತ್ತಾರೆ ಎಂದುಕೊಂಡೆ. "ಒಲೆ ಹತ್ರ ಬಂದ ಹೊಸದರಲ್ಲಿ, ನಾನು ಮಾಡಿದ್ದು ಅಂತ ಗೊತ್ತಾಗಿ ಒಂದು ವಾರ್ಡಿನವರು ತಟ್ಟೆ ಮುಟ್ಟದೆ ವಾಪಸ್ ಕಳಿಸಿದ್ರು," ಎಂದರು. "ಆಗ ಇಲ್ಲಿ ದೊಡ್ಡ ಅಡುಗೆಯಮ್ಮ ಇದ್ರು, ನಿನ್ನ ಹಾಗೇ ದೀಪ ಹಚ್ಚಿ ಬರೋರು. ವಾರ್ಡಿನ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು, ನನ್ನ ಪಾತ್ರೆಯಿಂದ ಬಡಿಸ್ಕೊಂಡು, ಎಲ್ಲರ ಮುಂದೆ ಹೊಟ್ಟೆ ತುಂಬ ಊಟ ಮಾಡಿದ್ರು. ಯಾರಿಗೂ ಒಂದು ಮಾತು ಹೇಳಲಿಲ್ಲ. ಮಾರನೇ ದಿನದಿಂದ ತಟ್ಟೆ ಖಾಲಿ."

ಪಾತ್ರೆಯನ್ನು ಒಮ್ಮೆ ಕಲಕಿ ಅಂದರು, "ಹನ್ನೊಂದು ತಿಂಗಳು ನನ್ನ ನಾಲಿಗೆ ನಂಬಿ ನೀವೆಲ್ಲ ಊಟ ಮಾಡ್ತೀರಿ. ಒಂದು ತಿಂಗಳು ನಾನು ನಿಮ್ಮ ನಾಲಿಗೆ ನಂಬಬೇಕಲ್ವಾ? ಅದಕ್ಕೇ ಇಷ್ಟು ವರ್ಷ ಆ ತಿಂಗಳಲ್ಲಿ ನನ್ನ ನಾಲಿಗೆಗೆ ಏನೂ ತಾಗಿಸಿರಲಿಲ್ಲ. ಈ ವರ್ಷ ತಪ್ಪಿತು, ಪರವಾಗಿಲ್ಲ."

ಪರವಾಗಿಲ್ಲ ಎಂದು ಅವರೇನೋ ಅಂದರು. ಮೂವತ್ತು ವರ್ಷದ ಒಂದು ವ್ರತ ನನ್ನ ಹೆದರಿಕೆಯಿಂದ ಕೆಟ್ಟಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೇಡಂ ಬೈಯಲಿಲ್ಲ, ಅದಕ್ಕಿಂತ ಕಷ್ಟದ ಮಾತು ಹೇಳಿದರು. "ಊಹೆ ಮಾಡಿ ಒಂದು ಪಾತ್ರೆ ತೋರಿಸಿದ್ರೆ ಇವತ್ತೇ ಕಳಿಸ್ತಿದ್ದೆ. ನಿಜ ಹೇಳಿದೀಯ, ಅದಕ್ಕೆ ತಿಂಗಳ ಕೊನೆವರೆಗೆ ಕಾಯ್ತೀನಿ. ಅಷ್ಟರಲ್ಲಿ ರುಚಿ ಬರದಿದ್ರೆ ಅಡುಗೆ ಕೆಲಸಕ್ಕೆ ಬೇರೆಯವರು ಬೇಕಾಗ್ತಾರೆ."

ಮಾರನೇ ದಿನ, ಎಲ್ಲರಿಗೂ ಗೊತ್ತಿದ್ದೂ, ಚಾಚಾ ಸೌಟನ್ನು ಮೊದಲು ನನ್ನ ಕಡೆಗೇ ಚಾಚಿದರು. ನೆಕ್ಕಿ, "ಗೊತ್ತಾಗಲ್ಲ ಚಾಚಾ," ಎಂದೆ. "ಸರಿ," ಎಂದು ಪಾತ್ರೆ ತೊಳೆಯುವ ಅಕ್ಕನ ಕಡೆ ತಿರುಗಿದರು. ಆಕೆ ಎರಡು ಸಲ ಚಪ್ಪರಿಸಿ ತೀರ್ಪು ಕೊಟ್ಟರು. ಹದಿನಾಲ್ಕನೇ ದಿನ, ಇಪ್ಪತ್ತನೇ ದಿನ, ಅದೇ ಸೌಟು, ಅದೇ ಉತ್ತರ. ಆರಿಸಿದವಳನ್ನು ತಿಂಗಳ ಮಧ್ಯೆ ಬಿಡುವುದು ಅವರಿಗೆ ಗೊತ್ತಿರಲಿಲ್ಲ. ನಾನು ಮಾತ್ರ ಬೇರೆ ಕೆಲಸ ವಿಚಾರಿಸಲು ಶುರುಮಾಡಿದ್ದೆ. ಬಟ್ಟೆ ಒಗೆಯುವ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ ಎಂದು ತಿಳಿದಿತ್ತು.

ಇಪ್ಪತ್ತೇಳನೇ ದಿನ ಅಂಗೈಯ ಹನಿಗಳನ್ನು ನೆಕ್ಕಿದೆ. ನಾಲಿಗೆಯ ಬದಿಯಲ್ಲಿ ಏನೋ ಚುರ್ ಎಂದಿತು. ಮತ್ತೊಮ್ಮೆ ಕೇಳಿ ಹಾಕಿಸಿಕೊಂಡೆ. ಮನಸ್ಸಿನ ಆಟವೇ ಇರಬಹುದು ಎಂದು ಹೆದರಿ ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿದೆ.

"ಚಾಚಾ, ಉಪ್ಪು ಜಾಸ್ತಿಯಾಗಿದೆ," ಎಂದೆ.

ಹೆಚ್ಚುವ ಕತ್ತಿಗಳೆಲ್ಲ ನಿಂತವು. ಚಾಚಾ ಅಕ್ಕನಿಗೆ ಸೌಟು ಹಿಡಿದರು. ಆಕೆ ನೆಕ್ಕಿ, ಮುಖ ಕಿವುಚಿ, "ಅಯ್ಯೋ ಹೌದು, ಬಾಯಿಗಿಡೋ ಹಾಗಿಲ್ಲ," ಎಂದರು.

ಚಾಚಾ ಸೌಟು ಕೆಳಗಿಟ್ಟು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು.

"ಯಾರಾದ್ರೂ ಹೋಗಿ ಮೇಡಂನ ಕರ್ಕೊಂಡು ಬನ್ನಿ," ಎಂದರು. "ನನ್ನ ಅಡುಗೆ ಕೆಟ್ಟಿದೆ ಅಂತ ಇವಳು ಹೇಳ್ತಿದಾಳೆ."